ಒಳಮೈ

"ಕೈ ಎತ್ತವ್ವಾ, ನೋಡೂಣು" ಎಂದವರು ನೀವೇ. ಆರು ವರ್ಷದ ಹುಡುಗಿ ಎರಡೂ ಕೈಯನ್ನು ಮೇಲಕ್ಕೆತ್ತುತ್ತಾಳೆ, ನಾಳೆ ಮುಂಜಾನೆ ಮಹಾಗಣಪತಿಯ ಮುಂದೆ ಎತ್ತುವ ಹಾಗೆಯೇ. ಆಗ ಕೇಳಿಸುತ್ತದೆ. ದೊಡ್ಡ ಸದ್ದೇನಲ್ಲ, ಒಣಗಿದ ಎಲೆಯೊಂದನ್ನು ಬೆರಳ ತುದಿಯಲ್ಲಿ ಹಿಸುಕಿದಷ್ಟೇ. ಎಡಗಂಕುಳದ ಕಡೆಯಿಂದ ಬಂದಿದೆ. ನಿಮ್ಮ ಹೊಟ್ಟೆಯೊಳಗೆ ಏನೋ ತಣ್ಣಗಾಗುತ್ತದೆ.

ಮಂಡಿಯೂರಿ ಕೂತು ಕಂಕುಳದ ಹತ್ತಿರ ಮುಖ ಒಯ್ಯುತ್ತೀರಿ. ಹೊಸ ಬಟ್ಟೆಯ ಗಂಜಿಯ ವಾಸನೆ, ಹುಡುಗಿಯ ಮೈಗೆ ಹಚ್ಚಿದ ಪೌಡರಿನ ವಾಸನೆ. ತೋಳು ಬಾಡಿಗೆ ಸೇರುವ ಕಡೆ, ಹೊಲಿಗೆ ನೆಟ್ಟಗೆ ಮೇಲೇಳುವ ಜಾಗದಲ್ಲಿ ಒಂದಿಂಚು ಉದ್ದದ ಸಂದು ಬಾಯಿ ಬಿಟ್ಟಿದೆ. ಸಂದಿನಲ್ಲಿ ಹತ್ತಿಯ ಅಡ್ಡ ಎಳೆಗಳು ಮಾತ್ರ ಏಣಿಯ ಮೆಟ್ಟಿಲಿನ ಹಾಗೆ ಉಳಿದುಕೊಂಡಿವೆ.

"ಹರೀತೇನ, ತಂಗೀ?" ಹುಡುಗಿಯ ಆಯಿ, ಅವಳ ತಾಯಿಯ ತಾಯಿ, ಬಾಗಿಲ ಬಳಿ ಕೂತಲ್ಲಿಂದಲೇ ಕೇಳುತ್ತಾಳೆ.

"ಹರದಿಲ್ಲ, ಆಯಿ. ಹೊಲಿಗಿ ಗಟ್ಟಿ ಐತಿ. ಅರಿವಿ ಸರದೈತಿ."

"ಕಾಕು, ನಾ ಏನೂ ಮಾಡಿಲ್ಲ. ನೀವ ಕೈ ಎತ್ತು ಅಂದ್ರಿ" ಎನ್ನುತ್ತದೆ ಮಗು. ಅದರ ಕೈ ಇನ್ನೂ ಮೇಲೆಯೇ ಇದೆ. ಇಳಿಸಿದರೆ ಇನ್ನಷ್ಟು ಹರಿದೀತೆಂಬ ಹೆದರಿಕೆ ಅದಕ್ಕೆ.

ರಾತ್ರಿ ಎಂಟಾಗಿದೆ. ನಾಳೆ ಗಣೇಶ ಚೌತಿ. ಹೊರಗೆ ಭಾದ್ರಪದದ ಜಿಟಿಜಿಟಿ ಮಳೆ. ಪುಣೆ–ಅಹಿಲ್ಯಾನಗರ ಹೆದ್ದಾರಿಯ ಮೇಲೆ ಲಾರಿಗಳು ನೀರು ಸೀಳಿಕೊಂಡು ಹೋಗುತ್ತಿವೆ, ದೇವಸ್ಥಾನದ ದಿಕ್ಕಿನಿಂದ ಢೋಲಿನ ತಾಲೀಮು ಬಿಟ್ಟೂ ಬಿಟ್ಟು ಕೇಳುತ್ತಿದೆ. ರಾಂಜಣಗಾಂವದ ಈ ಹತ್ತಡಿ ಬಾಡಿಗೆ ಕೋಣೆಯಲ್ಲಿ ನಿಮ್ಮ ಕಾಲಿನಿಂದ ತುಳಿಯುವ ಹೊಲಿಗೆ ಮಷೀನು, ಒಂದು ಮೇಜು, ಒಂದು ಇಸ್ತ್ರಿ ಪೆಟ್ಟಿಗೆ. ಗೋಡೆಯ ಮೊಳೆಗೆ ಕಾರ್ಖಾನೆಯ ಯೂನಿಫಾರ್ಮ್ ಪ್ಯಾಂಟುಗಳು ತೂಗುತ್ತಿವೆ. ಎಲ್‌ಜಿ, ವರ್ಲ್‌ಪೂಲ್, ಫಿಯೆಟ್ ಬಂದು ಕೂತ ಊರಿದು. ವಿಜಯಪುರ, ಇಂಡಿ, ಬಾಗಲಕೋಟೆ, ಕಲಬುರಗಿಯ ಕಡೆಯಿಂದ ಬಂದವರು ಪುಣೆಯಲ್ಲಿಳಿದು, ವಾಘೋಲಿ, ಶಿಕ್ರಾಪುರ ದಾಟಿ ಇಲ್ಲಿಗೆ ಬಂದು ಸೇರುತ್ತಾರೆ. ಅವರ ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಸೊಂಟ ಸಡಿಲಿಸುವುದು ನಿಮ್ಮ ದಿನದ ಅನ್ನ. ಆದರೆ ಈಗ ನಿಮ್ಮ ಕೈಯಲ್ಲಿರುವುದು ಯೂನಿಫಾರ್ಮ್ ಅಲ್ಲ.

ಇದು ಗುಳೇದಗುಡ್ಡದ ಖಣ.

ಒಂದೇ ಒಂದು ತುಂಡು. ಹುಡುಗಿಯ ತಾಯಿ ಬಸುರಿಯಾಗಿದ್ದಾಗ, ಕುಬಸ ಮಾಡಿದ ದಿನ ಅವಳ ಉಡಿಗೆ ಬಿದ್ದದ್ದು. ಉಡಿಯಲ್ಲಿ ತೆಂಗಿನಕಾಯಿ, ಅಕ್ಕಿ, ಎಲೆ, ಅಡಿಕೆ, ಮೇಲೆ ಈ ಕುಂಕುಮ ಬಣ್ಣದ ಖಣ. ಹೊಟ್ಟೆಯಲ್ಲಿದ್ದ ಕೂಸು ಇವಳೇ. ಆರು ವರ್ಷ ಟ್ರಂಕಿನಲ್ಲಿ ಬೇವಿನೆಲೆಯ ಜೊತೆ ಕಾದ ಬಟ್ಟೆ, ಈಗ ಅವಳ ಫ್ರಾಕಿನ ಬಾಡಿಯೂ ತೋಳೂ ಆಗಿದೆ. ಖಣ ರವಿಕೆಯಷ್ಟೇ ಅಳತೆಯದು, ಇಡೀ ಫ್ರಾಕಿಗೆ ಸಾಲದು. ಕೆಳಗಿನ ಲಂಗಕ್ಕೆ ಶಿರೂರಿನಿಂದ ಹಸಿರು ಬಟ್ಟೆ ತಂದಿರಿ. ಕತ್ತರಿಸಿ ಉಳಿದ ಖಣದ ಚೂರುಗಳು ಮೇಜಿನ ಮೇಲಿವೆ. ಯಾವುದೂ ಅಂಗೈಗಿಂತ ದೊಡ್ಡದಿಲ್ಲ.

"ಮುಂಜಾನೆ ಏಳಕ್ಕ ಅಕಿ ಕಂಪನಿ ಬಸ್ಸಿನಾಗ ಬರ್ತಾಳ" ಎನ್ನುತ್ತಾಳೆ ಆಯಿ. "ರಾತ್ರಿ ಪಾಳಿ ಮುಗಸ್ಕೊಂಡು ಸೀದಾ ಗುಡಿಗೆ ಹೋಗೂದು ಅಂದಾಳ. ಇದನ್ನ ಅಕಿ ಇನ್ನೂ ನೋಡೇ ಇಲ್ಲ."

ಇನ್ನೊಂದು ತಂದುಕೊಡುತ್ತೇನೆ ಎನ್ನುವ ಮಾತು ನಿಮ್ಮ ನಾಲಿಗೆಯ ತನಕ ಬಂದು ನಿಲ್ಲುತ್ತದೆ. ಅಂಗಡಿಯಲ್ಲಿ ಖಣ ಸಿಗುತ್ತದೆ. ಉಡಿಗೆ ಬಿದ್ದ ಖಣ ಸಿಗುವುದಿಲ್ಲ.

ಫ್ರಾಕನ್ನು ಮಗುವಿನ ಮೈಯಿಂದ ಮೆಲ್ಲನೆ ಬಿಡಿಸಿ, ಒಳಮೈ ಹೊರಗೆ ಮಾಡಿ ಮೇಜಿನ ಮೇಲೆ ಹಾಸುತ್ತೀರಿ. ನೋಡಿ, ಹೊರಗೆ ಹೊಳೆಯುವ ಖಣ ಒಳಗೆ ಎಷ್ಟು ಬಡಪಾಯಿ. ಹೂವಿನ ಚುಕ್ಕೆ ಮೂಡಿಸಿದ ಎಳೆಗಳು ಹಿಂಬದಿಯಲ್ಲಿ ಉದ್ದುದ್ದ ಜೋತುಬಿದ್ದಿವೆ. ಅಂಚಿನಿಂದ ಎಳೆಗಳು ಒಂದೊಂದಾಗಿ ಉದುರುತ್ತಿವೆ. ಬೆರಳು ತಾಗಿದರೆ ಸಾಕು, ಇನ್ನೆರಡು ಬರುತ್ತವೆ. ಎರಡು ದಿನ ಕೈಯಾಡಿದ್ದಕ್ಕೇ ಕಂಕುಳದ ಮಾರ್ಜಿನ್ ಅರ್ಧದಷ್ಟು ಸವೆದಿದೆ.

ತಪ್ಪು ಎಲ್ಲಾಯಿತೆಂದು ನಿಮಗೆ ಗೊತ್ತು. ಈ ಖಣದಲ್ಲಿ ಹಾಸಿನ ಎಳೆ ನುಣುಪು, ಹೊಕ್ಕಿನ ಎಳೆ ಹತ್ತಿ. ಹೊಲಿಗೆ ನೆಟ್ಟಗೆ ಮೇಲೇಳುವಲ್ಲಿ ನುಣುಪಿನ ಎಳೆಗಳು ಅದರ ಪಕ್ಕದಲ್ಲೇ ಸಾಲಾಗಿ ನಿಂತಿರುತ್ತವೆ. ಕೈ ಎತ್ತಿದಾಗ ತೋಳು ಎಳೆಯುತ್ತದೆ, ಎಳೆಗಳು ಹತ್ತಿಯ ಮೇಲೆ ಜಾರುತ್ತವೆ. ಬರೀ ಹೊಲಿಗೆಯ ಬಲದಿಂದ ಇದು ನಿಲ್ಲುವುದಿಲ್ಲ. ಹಟಕ್ಕೆ ಬಿದ್ದು ಟಾಕಿ ಸಣ್ಣ ಮಾಡಿದರೆ ಅಂಚೆಚೀಟಿಯ ತೂತುಗಳ ಹಾಗೆ ನೀವೇ ಹರಿಯುವ ಗೆರೆ ಬರೆದುಕೊಟ್ಟಂತೆ. ಅಂಚಿಗೇ ಯಾರಾದರೂ ಕಾವಲು ನಿಲ್ಲಬೇಕು.

ಓವರ್‌ಲಾಕ್? ಪೇಟೆಯ ಅಂಗಡಿ ಬಾಗಿಲು ಹಾಕಿದೆ. ತೆರೆದಿದ್ದರೂ ನಿಮ್ಮ ಕೈ ಹಿಂಜರಿಯುತ್ತಿತ್ತು. ಅದು ಅಂಚನ್ನು ಕತ್ತರಿಸುತ್ತಲೇ ಹೊಲಿಯುವ ಯಂತ್ರ, ಇಲ್ಲಿ ಕತ್ತರಿಸಲು ಉಳಿದಿರುವುದೇ ಕಡಿಮೆ. ಅದು ಹಿಡಿಯುವುದೂ ತುದಿಯ ನಾಲ್ಕಾರು ಎಳೆಗಳನ್ನಷ್ಟೇ. ಇಂಥ ಬಟ್ಟೆಯಲ್ಲಿ ಒಂದು ದಿನ ಆ ದಾರ ಸಮೇತ ಅಂಚು ಸುತ್ತಿಕೊಂಡು ಕಳಚಿ ಬರುತ್ತದೆ. ಪೂರ್ತಿ ಅಸ್ತರ ಕೊಟ್ಟರೆ? ಬಾಡಿಯನ್ನು ತುಂಡುತುಂಡಾಗಿ ಬಿಚ್ಚಬೇಕು, ಬಿಚ್ಚುವಾಗ ಉದುರುವ ಎಳೆಗಳ ಲೆಕ್ಕ ಕೊಡುವವರು ಯಾರು? ಹಾಗಾದರೆ ಉಳಿಯುವುದು ಒಂದೇ ದಾರಿ. ಅಂಚಂಚಿಗೂ ಪಟ್ಟಿ ಕಟ್ಟುವುದು.

ಡಬ್ಬಿಯಲ್ಲಿ ಮ್ಯಾಚಿಂಗ್ ಸೆಂಟರಿನಿಂದ ತಂದ ಸ್ಯಾಟಿನ್ ರಿಬ್ಬನ್ ಇದೆ. ಕುಂಕುಮ ಬಣ್ಣವೇ, ಹೊಳೆಯುತ್ತದೆ. ಕೈ ಅತ್ತ ಹೋಗಿ ಹಿಂದೆ ಬರುತ್ತದೆ. ರಿಬ್ಬನ್ ಬಾಗುವುದಿಲ್ಲ. ಕಂಕುಳದ ತಿರುವಿನಲ್ಲಿ ನೆರಿಗೆ ಬಿದ್ದು, ಅದರ ಗಟ್ಟಿ ಅಂಚು ಮಗುವಿನ ಎಳೆ ಚರ್ಮ ಕೆರೆಯುತ್ತದೆ. ಜಾರುವ ಬಟ್ಟೆಗೆ ಜಾರುವ ಪಟ್ಟಿ ಕೊಟ್ಟರೆ ಕುರುಡನ ಕೈಯನ್ನು ಕುರುಡ ಹಿಡಿದ ಹಾಗೆ.

"ಆಯಿ, ಮನ್ಯಾಗ ಹಳೇ ನೂಲಿನ ಸೀರಿ ಐತೇನ್ರಿ? ತೊಳದು ತೊಳದು ಮೆತ್ತಗ ಆದದ್ದು?"

ಮುದುಕಿ ಒಂದು ಗಳಿಗೆ ನಿಮ್ಮನ್ನು ನೋಡುತ್ತಾಳೆ. ಆಮೇಲೆ ಸೆರಗು ತಲೆಗೆ ಹೊದ್ದು ಮಳೆಯಲ್ಲಿ ಎದುರಿನ ಚಾಳಿಗೆ ಹೋಗಿ ಬರುತ್ತಾಳೆ. ಕೌದಿಗೆಂದು ಎತ್ತಿಟ್ಟ ಬಟ್ಟೆಯ ಗಂಟಿನಿಂದ ತೆಗೆದ ಸೀರೆ, ಬಿಳಿಯ ಮೇಲೆ ಮಾಸಿದ ನೀಲಿ ಹೂ. ಮೂಗಿಗೆ ಹಿಡಿಯುತ್ತೀರಿ. ಹೊಗೆ, ಸೀಗೆಕಾಯಿ, ಬಿಸಿಲು. ಇಷ್ಟು ವರ್ಷ ನೀರು ಕಂಡ ಬಟ್ಟೆ ಇನ್ನು ಕುಗ್ಗುವುದಿಲ್ಲ, ಬಣ್ಣ ಬಿಡುವುದಿಲ್ಲ. ಹೊಸ ಬಟ್ಟೆಯ ಪಟ್ಟಿ ಕೊಟ್ಟಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಖಣವನ್ನು ಸುಕ್ಕು ಹಿಡಿಸುತ್ತಿತ್ತು.

ಆದರೆ ಮೆತ್ತಗಿನ ಬಟ್ಟೆಗೆ ಭಾರ ಹೊರಿಸಬಾರದು. ಅದನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಳ್ಳುತ್ತೀರಿ. ಅಂಚು ಮುಚ್ಚುವುದಕ್ಕೆ ಸೀರೆ. ಭಾರ ಹೊರುವ ಸೊಂಟಕ್ಕೆ ಬೇರೆಯದೇ ಬೇಕು.

ಸೀರೆಯಲ್ಲಿ ಸವೆಯದ ಭಾಗ ಹುಡುಕಿ, ದೀಪಕ್ಕೆ ಹಿಡಿದು ನೋಡಿ, 14 ಇಂಚಿನ ಚೌಕ ತೆಗೆಯುತ್ತೀರಿ. ಮೂಲೆಗೆ ಮೂಲೆ ಮಡಚಿದಾಗ ಮಧ್ಯದ ಓರೆ ಗೆರೆ 20 ಇಂಚಿಗೆ ಒಂಚೂರು ಕಡಿಮೆ ಬರುತ್ತದೆ. ಆ ಗೆರೆಯ ಎರಡೂ ಕಡೆ ಒಂದೂಕಾಲು ಇಂಚಿನ ಅಗಲಕ್ಕೆ ಎರಡೆರಡು ಪಟ್ಟಿ. ಪಕ್ಕದ ನಾಲ್ಕು ಅಂಚು, ಭುಜದ ನಾಲ್ಕು, ಕಂಕುಳದ ಎರಡು ಸುತ್ತು, ಒಟ್ಟು 60 ಇಂಚು ಬೇಕು. ಸಾಕಾಗುತ್ತದೆ. ಇದಕ್ಕೆ ಕ್ರಾಸ್ ಪೀಸ್ ಎನ್ನುತ್ತೀರಿ. ಓರೆಯಾಗಿ ಕತ್ತರಿಸಿದಾಗ ಹಾಸೂ ಹೊಕ್ಕೂ ಎರಡೂ ಅಂಚಿಗೆ ಮೂಲೆಯಾಗಿ ನಿಲ್ಲುತ್ತವೆ. ಅಂಚಿನುದ್ದಕ್ಕೂ ಓಡುವ ಎಳೆಯೇ ಇರುವುದಿಲ್ಲ, ಹಾಗಾಗಿ ಉದುರಲು ಏನೂ ಇಲ್ಲ. ಎಳೆದರೆ ಪಟ್ಟಿ ಹಿಗ್ಗುತ್ತದೆ, ತಿರುವಿದರೆ ತಿರುಗುತ್ತದೆ. ಬೆರಳಿಗೆ ಸುತ್ತಿ ನೋಡಿ, ಎಲ್ಲೂ ಮಡಿಕೆ ಬೀಳುವುದಿಲ್ಲ.

ಕತ್ತರಿಯ ಬಾಯಿ ಬಟ್ಟೆಯೊಳಗೆ ಹೋಗುವಾಗ ಆಯಿ ಮುಖ ತಿರುಗಿಸಿಕೊಳ್ಳುತ್ತಾಳೆ. ಅದು ಅವಳು ಬಾಣಂತನದಲ್ಲಿ ಉಟ್ಟ ಸೀರೆ ಎಂದು ಆಮೇಲೆ ಹೇಳುತ್ತಾಳೆ.

ಮೊದಲು ಗಾಯ. ಕಂಕುಳದ ಹೊಲಿಗೆಯನ್ನು ಎರಡಿಂಚು ಬಿಚ್ಚುತ್ತೀರಿ, ಬ್ಲೇಡಿನಿಂದಲ್ಲ, ಸೂಜಿಯ ಮೊನೆಯಿಂದ ಒಂದೊಂದೇ ಟಾಕಿ ಎತ್ತಿ. ಸರಿದ ಎಳೆಗಳನ್ನು ಅದೇ ಮೊನೆಯಿಂದ ನೂಕಿ ನೂಕಿ ಅವುಗಳ ಜಾಗಕ್ಕೆ ತರುತ್ತೀರಿ. ಕಣ್ಣಲ್ಲಿ ನೀರಾಡುತ್ತದೆ, ಕತ್ತಿನ ಹಿಂದೆ ಬೆವರು. ಹಿಂಬದಿಗೆ ಹೆಬ್ಬೆರಳಗಲದ ತೆಳುವಾದ ಹೊಸ ಹತ್ತಿಯ ತುಂಡು ಇಡುತ್ತೀರಿ, ಇದನ್ನು ಮಾತ್ರ ನೇರ ಎಳೆಯ ಮೇಲೆ, ಏಕೆಂದರೆ ಇದು ಹಿಗ್ಗಬಾರದು. ಈಗ ಹೊಲಿಗೆಯ ಹೊಸ ಗೆರೆ ಎಲ್ಲಿ ಬರಬೇಕು? ಹಳೆಯ ಗೆರೆ ಸವೆದಿದೆ. ಬಾಡಿಯ ಕಡೆ ಕಾಲಿಂಚು ಒಳಗೆ ಹೋದರೆ ಗಟ್ಟಿ ನೆಲ ಸಿಗುತ್ತದೆ. ಮಗುವಿನ ಎದೆ ಸುತ್ತಳತೆ 23, ಫ್ರಾಕಿನದು 26. ಇಷ್ಟು ಸಡಿಲಿದ್ದಲ್ಲಿ ಕಾಲಿಂಚು ಗೊತ್ತಾಗುವುದಿಲ್ಲ. ತೋಳಿನ ಕಡೆ ಹಳೇ ಗೆರೆಯೇ ಇರಲಿ. ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅದನ್ನು ಸುತ್ತಿನ ಗೆರೆಗೆ ಮೆಲ್ಲಗೆ ಕೂಡಿಸುತ್ತೀರಿ.

ಮಷೀನಿಗೆ ಬಟ್ಟೆ ಕೊಡುವ ಮುನ್ನ ಕೈ ಸೂಜಿಯನ್ನು ಮುಟ್ಟುತ್ತದೆ. 16 ನಂಬರಿನ ಸೂಜಿ, ಹಗಲೆಲ್ಲ ಯೂನಿಫಾರ್ಮ್ ಹೊಲಿದದ್ದು. ಇದರಿಂದ ಖಣ ಹೊಲಿದರೆ ಟಿಕ್ ಟಿಕ್ ಎಂದು ಎಳೆ ಹರಿಯುವ ಸದ್ದು ಬರುತ್ತದೆ, ಆ ಸದ್ದು ನಿಮಗೆ ಗೊತ್ತು. ಬಿಚ್ಚಿ ಹೊಸ 11 ನಂಬರು ಹಾಕುತ್ತೀರಿ. ಖಣದ ಚೂರಿನ ಮೇಲೆ ಹತ್ತು ಟಾಕಿ ಓಡಿಸಿ, ಎರಡೂ ಕೈಯಿಂದ ಜಗ್ಗಿ ನೋಡುತ್ತೀರಿ. ಎಳೆ ಹರಿಯಲಿಲ್ಲ, ಹೊಲಿಗೆಯೂ ಸುಕ್ಕು ಹಿಡಿಯಲಿಲ್ಲ.

ಗಾಯದ ಮೇಲೆ ಮೊದಲ ಸಾಲು. ಅದರ ಪಕ್ಕದಲ್ಲೇ, ಮಾರ್ಜಿನ್ ಕಡೆ, ಎರಡು ನೂಲಿನ ಅಂತರದಲ್ಲಿ ಇನ್ನೊಂದು ಸಾಲು. ಒಂದು ಸೋತರೆ ಇನ್ನೊಂದಿದೆ.

ಈಗ ಪಟ್ಟಿ. ಪಕ್ಕದ ಹೊಲಿಗೆಯಲ್ಲಿ ಎರಡೂ ಕಡೆ ಒಂದೊಂದಿಂಚು ಮಾರ್ಜಿನ್ ಬಿಟ್ಟಿದ್ದೀರಿ. ಎರಡನ್ನೂ ಕೂಡಿಸಿ ಒಂದೇ ಪಟ್ಟಿಯಲ್ಲಿ ಸುತ್ತಿದರೆ ಅರ್ಧ ಹೊತ್ತಿನಲ್ಲಿ ಕೆಲಸ ಮುಗಿಯುತ್ತದೆ. ಆದರೆ ಮುಂದಿನ ವರ್ಷ ಮಗು ಬೆಳೆದಾಗ ಹೊಲಿಗೆ ಬಿಚ್ಚಿ ಸಡಿಲ ಮಾಡಬೇಕೆಂದರೆ ಪಟ್ಟಿಯನ್ನೂ ಬಿಚ್ಚಬೇಕಾಗುತ್ತದೆ. ಗಡಿಯಾರ ನೋಡುತ್ತೀರಿ, ಹತ್ತು ಗಂಟೆ. ಮಗುವನ್ನು ನೋಡುತ್ತೀರಿ. ಬೇರೆ ಬೇರೆಯಾಗಿಯೇ ಕಟ್ಟುವುದೆಂದು ತೀರ್ಮಾನಿಸುತ್ತೀರಿ. ಎರಡರ ಬದಲು ನಾಲ್ಕು ಅಂಚು.

ಪಟ್ಟಿಯನ್ನು ಮಾರ್ಜಿನ್ನಿನ ಮೇಲ್ಮೈಗೆ ಮುಖಾಮುಖಿ ಇಟ್ಟು, ಅಂಚಿಗೆ ಅಂಚು ಕೂಡಿಸಿ, ಕಾಲಿಂಚು ಒಳಗೆ ಹೊಲಿಯುತ್ತೀರಿ. ಪಾದ ಪೆಡಲಿನ ಮೇಲೆ ತೂಗುತ್ತದೆ, ಗಾಲಿ ಗರಗರ ಎನ್ನುತ್ತದೆ, ಮಷೀನಿನ ಎಣ್ಣೆಯ ವಾಸನೆ ಬೆಚ್ಚಗೆ ಏಳುತ್ತದೆ. ಪಟ್ಟಿಯನ್ನು ಹೊರಳಿಸಿ ಅಂಚಿನ ಮೇಲಿಂದ ಹಿಂದಕ್ಕೆ ಮಡಚಿ, ಮೊದಲ ಹೊಲಿಗೆಯ ಸಂದಿನಲ್ಲೇ ಎರಡನೆಯದನ್ನು ಓಡಿಸುತ್ತೀರಿ. ಹಿಂದೆ ಉಳಿದ ಅಂಚನ್ನು ಮತ್ತೆ ಮಡಚುವ ಅಗತ್ಯವಿಲ್ಲ. ಅದು ಓರೆ, ಉದುರುವುದಿಲ್ಲ. ಹೆಚ್ಚು ಮಡಚಿದಷ್ಟೂ ದಪ್ಪ, ದಪ್ಪವಾದಷ್ಟೂ ಹೊರಮೈಯಲ್ಲಿ ಗೆರೆ. ಒಂದು ಅಂಚು ಮುಗಿಯಿತು. ಎಳೆಗಳ ಗಡ್ಡ ಇಳಿಬಿದ್ದಿದ್ದ ಕಡೆ ಈಗ ಮಾಸಿದ ನೀಲಿ ಹೂವಿನ ಸಣ್ಣ ಬದು.

ಎರಡನೆಯದು. ಮೂರನೆಯದು.

ದೀಪ ಹೋಗುತ್ತದೆ.

ಎಲ್ಲ ಕಡೆ ಒಮ್ಮೆಲೇ ಕತ್ತಲು. ಢೋಲು ಕೂಡ ಒಂದು ಗಳಿಗೆ ನಿಂತು ಮತ್ತೆ ಶುರುವಾಗುತ್ತದೆ. ಮಗು "ಆಯೀ" ಎಂದು ಕರೆಯುತ್ತದೆ. ನಿಮ್ಮ ಕಾಲು ಅಲ್ಲೇ ನಿಂತಿದೆ, ಸೂಜಿ ಬಟ್ಟೆಯೊಳಗೇ ಇದೆ. ಎಳೆಯಬೇಡಿ. ಅಲುಗಬೇಡಿ. ತಡಕಾಡಿ ಮೊಬೈಲಿನ ಟಾರ್ಚ್ ಹಚ್ಚುತ್ತೀರಿ. ಬ್ಯಾಟರಿ 18.

ಆಯಿ ಮಗುವನ್ನು ತೊಡೆಯ ಮೇಲೆ ಎಳೆದುಕೊಂಡು ಕತೆ ಹೇಳುತ್ತಾಳೆ. "ತ್ರಿಪುರಾಸುರನ ಕೂಡ ಯುದ್ಧಕ್ಕ ಹೊಂಟ ಶಿವ ಮೊದಲ ಮಗನ ಪೂಜಿ ಮಾಡೂದು ಮರತಿದ್ದ. ಆಮ್ಯಾಗ ನೆನಪಾಗಿ ಇಲ್ಲೇ ಗಣಪ್ಪನ ಪೂಜಿ ಮಾಡಿದ, ಗೆದ್ದ. ಅಷ್ಟವಿನಾಯಕ ಅಂತಾರಲ್ಲ, ಯಾತ್ರ್ಯಾಗ ಎಂಟನೇದು ನಮ್ಮ ಈ ಗುಡಿ." ಮಗು ಕೇಳುತ್ತದೆ, "ಗಣಪ್ಪಗ ಎಷ್ಟ ಕೈ, ಆಯಿ?" "ನಾವು ನೋಡೂದು ಮ್ಯಾಲಿನ ಮೂರ್ತಿ. ಕೆಳಗ ನೆಲಮಾಳಿಗ್ಯಾಗ ಇನ್ನೊಂದೈತಿ ಅಂತಾರ, ಮಹೋತ್ಕಟ ಅಂತ ಅದರ ಹೆಸರು. ಹತ್ತು ಸೊಂಡಿ, ಇಪ್ಪತ್ತು ಕೈ. ಅದನ್ನ ಯಾರೂ ನೋಡಿಲ್ಲ." "ಮತ್ತ ಅದು ಯಾಕೈತಿ?" ಮುದುಕಿ ಯೋಚಿಸುತ್ತಾಳೆ. "ಅದು ಐತಿ ಅಂತ ಮ್ಯಾಲಿಂದು ನಿಂತೈತಿ, ಮಲಕ್ಕೊ."

ಟಾರ್ಚನ್ನು ರೀಲಿನ ಗೂಟಕ್ಕೆ ದಾರದಿಂದ ಕಟ್ಟಿ ಮತ್ತೆ ಪೆಡಲು ತುಳಿಯುತ್ತೀರಿ. ಕಾಲಿನ ಮಷೀನಿಗೆ ಕರೆಂಟಿನ ಹಂಗಿಲ್ಲ, ಅದೊಂದು ಪುಣ್ಯ. ನಾಲ್ಕನೇ ಅಂಚು. ಬೆಳಕು ಸೂಜಿಯ ಎಡಗಡೆ ಮಾತ್ರ ಬೀಳುತ್ತಿದೆ, ಬಲಗಡೆ ಎಲ್ಲ ನೆರಳು. ಮೂರಿಂಚು ಸಲೀಸಾಗಿ ಹೋಗುತ್ತದೆ. ಆಮೇಲೆ ಸದ್ದು ಬದಲಾಗುತ್ತದೆ. ಟಕ ಟಕ ಎನ್ನುತ್ತಿದ್ದದ್ದು ಡಬ್ ಎನ್ನುತ್ತದೆ. ಬೆರಳ ಕೆಳಗೆ ಬಟ್ಟೆ ದಪ್ಪಗಾಗಿದೆ. ಡಬ್. ಕಾಲು ನಿಲ್ಲಿಸಿ! ಕೈಯಿಂದ ಗಾಲಿ ಹಿಡಿಯುತ್ತೀರಿ. ಉಸಿರು ಹಿಡಿಯುತ್ತೀರಿ. ಸೂಜಿ ಎತ್ತುತ್ತೀರಿ, ಫುಟ್ ಎತ್ತುತ್ತೀರಿ, ಬಟ್ಟೆ ಹೊರಳಿಸುತ್ತೀರಿ.

ಎದೆಯ ಮುಂಭಾಗ ಮಡಚಿಕೊಂಡು ಸೂಜಿಯ ಕೆಳಗೆ ಹೋಗಿದೆ. ಖಣದ ಮುಖದ ಮೇಲೆಯೇ, ಎಲ್ಲರೂ ನೋಡುವ ಜಾಗದಲ್ಲಿ, ಎರಡು ಟಾಕಿ.

ಕಿವಿಯಲ್ಲಿ ನಿಮ್ಮದೇ ರಕ್ತದ ಸದ್ದು. ಆಯಿ ತೂಕಡಿಸುತ್ತಿದ್ದಾಳೆ, ನೋಡಿಲ್ಲ. ಮೇಲಿನ ದಾರ ಕತ್ತರಿಸಿ, ಕೆಳಗಿನ ಬಾಬಿನ್ ದಾರವನ್ನು ನಿಧಾನಕ್ಕೆ ಎಳೆಯುತ್ತೀರಿ. ದಾರ ಬಂತು. ಮೂರು ತೂತುಗಳು ಉಳಿದವು, ಟಾರ್ಚಿನ ಬೆಳಕಲ್ಲಿ ಮೂರು ಕಪ್ಪು ಚುಕ್ಕಿ. ಹೆಬ್ಬೆರಳಿನ ಉಗುರಿನ ಬೆನ್ನಿನಿಂದ ತೂತಿನ ಸುತ್ತ ತಿಕ್ಕುತ್ತೀರಿ, ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ. ಎಳೆ ಕಡಿದಿದ್ದರೆ ಇದು ಮುಚ್ಚುವುದಿಲ್ಲ. ಹೊಸ ಸೂಜಿ, ತೆಳು ಸೂಜಿ, ಎಳೆಗಳನ್ನು ಕಡಿಯದೆ ಪಕ್ಕಕ್ಕೆ ಸರಿಸಿಯೇ ಹೋಗಿರಬೇಕು. ತಿಕ್ಕುತ್ತೀರಿ. ಒಂದು ಮಾಯವಾಯಿತು. ಇನ್ನೊಂದು. ಮೂರನೆಯದಕ್ಕೆ ತುಟಿಯಿಂದ ಬೆರಳು ಒದ್ದೆ ಮಾಡಿಕೊಂಡು ಮತ್ತೆ ತಿಕ್ಕುತ್ತೀರಿ. ಅದೂ ಮುಚ್ಚಿತು. 16 ನಂಬರಿನ ಸೂಜಿಯೇ ಇದ್ದಿದ್ದರೆ? ಆ ಯೋಚನೆಯನ್ನು ಪೂರ್ತಿ ಮಾಡುವ ಧೈರ್ಯ ನಿಮಗಿಲ್ಲ.

ಅಲ್ಲಿಂದ ಮುಂದೆ ಪ್ರತಿ ಇಂಚಿಗೂ ಕಾಲು ನಿಲ್ಲಿಸಿ, ಎಡಗೈಯನ್ನು ಬಟ್ಟೆಯ ಕೆಳಗೆ ಆಡಿಸಿ ನೋಡಿಯೇ ಹೊಲಿಯುತ್ತೀರಿ. ಭುಜಗಳೂ ಮುಗಿಯುತ್ತವೆ.

ಕಂಕುಳದ ಪಟ್ಟಿಯನ್ನು ಮಾತ್ರ ಪೂರ್ತಿ ಮಷೀನಿಗೆ ಬಿಡುವುದಿಲ್ಲ. ಮೊದಲ ಸುತ್ತು ಮಷೀನು. ಇಲ್ಲಿ ಬಾಡಿ ಮತ್ತು ತೋಳಿನ ಅಂಚು ಎರಡನ್ನೂ ಕೂಡಿಸಿಯೇ ಕಟ್ಟುತ್ತೀರಿ, ದಿನಕ್ಕೆ ನೂರು ಸಲ ಎತ್ತಿ ಇಳಿಸುವ ಕೈಯ ಜಗ್ಗಾಟ ಬೀಳುವುದು ಇಲ್ಲೇ. ಒಳಬಾಗಿನಲ್ಲಿ ಪಟ್ಟಿಯನ್ನು ಕೂದಲೆಳೆಯಷ್ಟು ಎಳೆದು ಹಿಡಿಯಬೇಕು, ಹೊರಬಾಗಿನಲ್ಲಿ ಅಷ್ಟೇ ಸಡಿಲ ಬಿಡಬೇಕು. ಇದನ್ನು ಬೆರಳು ಕಲಿಯಬೇಕು, ಬಾಯಲ್ಲಿ ಹೇಳಿ ಬರುವುದಲ್ಲ. ಆಮೇಲೆ ಪಟ್ಟಿಯ ಅಂಚನ್ನು ಒಳಕ್ಕೆ ಮಡಚಿ ಕೈಹೊಲಿಗೆ. ಮಗುವಿನ ಚರ್ಮಕ್ಕೆ ತಾಗುವ ಜಾಗದಲ್ಲಿ ಬಿಚ್ಚು ಅಂಚು ಇರಕೂಡದು. ಸೂಜಿಯ ಮೊನೆ ಮಷೀನಿನ ಟಾಕಿಯನ್ನಷ್ಟೇ ಎತ್ತಬೇಕು, ಖಣವನ್ನು ಮುಟ್ಟಬಾರದು. ಹೊರಗಿನಿಂದ ನೋಡಿದವರಿಗೆ ಇಲ್ಲಿ ಏನೂ ನಡೆದೇ ಇಲ್ಲ ಅನ್ನಿಸಬೇಕು.

ಉಳಿದದ್ದು ಸೊಂಟ. ಲಂಗವನ್ನು ಕಚ್ಚಾ ಹೊಲಿಗೆಯಲ್ಲಷ್ಟೇ ಕೂಡಿಸಿದ್ದಿರಿ. ಎಷ್ಟೊಂದು ನೆರಿಗೆ, ಎಷ್ಟೊಂದು ಬಟ್ಟೆ! ಅದರ ಭಾರವೆಲ್ಲ ತೆಳ್ಳನೆಯ ಖಣದ ಕೆಳ ಅಂಚಿಗೆ ಜೋತುಬೀಳುತ್ತದೆ. ಮಗು ಓಡುತ್ತದೆ, ಕುಣಿಯುತ್ತದೆ, ಯಾರೋ ಲಂಗ ಹಿಡಿದು ಎಳೆಯುತ್ತಾರೆ. ಇಲ್ಲಿಗೆ ಓರೆ ಪಟ್ಟಿ ಹಾಕಿದರೆ ಅದೂ ಲಂಗದ ಜೊತೆ ಹಿಗ್ಗಿಬಿಡುತ್ತದೆ. ಹಿಗ್ಗದ ನೇಯ್ಗೆಯ ಟೇಪು ಬೇಕು. ಪರಕಾರಕ್ಕೆ ಹಾಕುವ ಲಾಡಿಯ ಚಪ್ಪಟೆ ಹತ್ತಿ ಟೇಪನ್ನು ಕುದಿನೀರಿಗೆ ಹಾಕಿ ಹಿಂಡುತ್ತೀರಿ, ಕುಗ್ಗುವುದೆಲ್ಲ ಈಗಲೇ ಕುಗ್ಗಲಿ. ಕರೆಂಟು ಇನ್ನೂ ಬಂದಿಲ್ಲ, ಒಣಗಿಸಲು ಇಸ್ತ್ರಿ ನಡೆಯುವುದಿಲ್ಲ. ಅಡುಗೆಯ ಮೂಲೆಯಿಂದ ನಿಮ್ಮ ಅವ್ವನ ಹಿತ್ತಾಳೆಯ ತಂಬಿಗೆ ತಂದು, ಗ್ಯಾಸಿನ ಮೇಲೆ ಕುದಿಸಿದ ನೀರನ್ನು ತುಂಬಿ, ಕಂಠಕ್ಕೆ ಬಟ್ಟೆ ಸುತ್ತಿ ಹಿಡಿದು, ಅದರ ತಳದಿಂದ ಒತ್ತುತ್ತೀರಿ. ಒದ್ದೆ ಹತ್ತಿಯ ಹಬೆ ಮುಖಕ್ಕೆ ಬಡಿಯುತ್ತದೆ. ಅಂಗೈ ಸುಡುತ್ತದೆ, ಬಿಡುವುದಿಲ್ಲ. ಅದೇ ತಂಬಿಗೆಯಿಂದ ಪಕ್ಕದ ಮಾರ್ಜಿನ್ನುಗಳನ್ನು ಬಿಡಿಸಿ ಅಗಲಿಸಿ ಒತ್ತುತ್ತೀರಿ, ಮೊದಲು ಚೂರಿನ ಮೇಲೆ ಪರೀಕ್ಷೆ ಮಾಡಿ, ಆಮೇಲೆ ಖಣದ ಒಳಮೈಯ ಮೇಲೆ.

ಟೇಪಿನ ಉದ್ದ ಎಷ್ಟು? ಲಂಗದ ಬಟ್ಟೆಯನ್ನು ಕೇಳಬೇಡಿ, ಅದು ಎಷ್ಟಾದರೂ ಬೇಡುತ್ತದೆ. ಸೊಂಟವನ್ನು ಕೇಳಿ. ಮಗುವಿನ ಸೊಂಟ 22, ಉಸಿರಾಡಲು ಎರಡು, ತುದಿ ಮಡಚಲು ಒಂದು. 25 ಇಂಚಿಗೆ ಕತ್ತರಿಸಿ, ಬೆನ್ನಿನ ಹುಕ್ಕಿನ ಪಟ್ಟಿಯಿಂದ ಹುಕ್ಕಿನ ಪಟ್ಟಿಯವರೆಗೆ ಬಾಡಿಯ ಒಳಗಡೆ ಹೊಲಿಗೆಯ ಗೆರೆಯ ಮೇಲೆಯೇ ಟೇಪನ್ನು ಗುಂಡುಸೂಜಿಯಲ್ಲಿ ಕೂರಿಸುತ್ತೀರಿ. ಸೂಜಿ ಈಗ ಬಾಡಿ, ಲಂಗ, ಟೇಪು ಮೂರನ್ನೂ ಕೂಡಿಸಿ ಹೋಗುತ್ತದೆ. ಇನ್ನು ಲಂಗದ ಭಾರ ಖಣದ ಮೇಲಿಲ್ಲ, ಟೇಪಿನ ಮೇಲಿದೆ.

ನಿಮ್ಮ ಊರಿನ ಕಡೆಯ ಮಗ್ಗ ನೆನಪಾಗುತ್ತದೆ. ಇಳಕಲ್ಲಿನ ಸೀರೆಯ ಮೈ ಬೇರೆ ನೂಲು, ಸೆರಗು ಬೇರೆ ನೂಲು. ಎರಡರ ಹಾಸೂ ಸೇರುವಲ್ಲಿ ಒಂದೊಂದೇ ಎಳೆಯನ್ನು ಕೊಂಡಿಯಾಗಿ ಕೂಡಿಸುತ್ತಾ ಹೆಣ್ಣುಮಕ್ಕಳು ತಾಸುಗಟ್ಟಲೆ ಕೂರುತ್ತಾರೆ. ಉಟ್ಟವರು ತೇನಿ ಸೆರಗಿನ ಕೆಂಪನ್ನು ಹೊಗಳುತ್ತಾರೆ. ಕೊಂಡಿಯನ್ನು ಹುಡುಕುವವರಿಲ್ಲ. ಆದರೆ ಸೆರಗು ತಲೆಯ ಮೇಲೆ ನಿಲ್ಲುವುದು ಆ ಕೊಂಡಿಯಿಂದಲೇ.

ಮೂರೂಮುಕ್ಕಾಲಿಗೆ ಕೊನೆಯ ಗಂಟು ಹಾಕಿ ದಾರ ಕಡಿಯುತ್ತೀರಿ. ಟಾರ್ಚು ಯಾವಾಗಲೋ ಸತ್ತಿದೆ, ದೇವರ ಮುಂದಿನ ಎಣ್ಣೆದೀಪ ಮೇಜಿಗೆ ಬಂದಿದೆ. ಬೆನ್ನು ಹಲಗೆಯಾಗಿದೆ, ತೋರುಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿದ ಆರೇಳು ಕೆಂಪು ಚುಕ್ಕಿ. ಮಳೆ ನಿಂತಿದೆ. ಬೀದಿಯ ತುದಿಯ ಮನೆಯೊಂದರಲ್ಲಿ ಮೋದಕದ ಹಬೆ ಏಳುತ್ತಿರಬೇಕು, ಬೆಲ್ಲ ಕೊಬ್ಬರಿಯ ವಾಸನೆ ಬರುತ್ತಿದೆ.

ಏಳೂಹತ್ತಕ್ಕೆ ಬಸ್ಸಿನ ಬ್ರೇಕು ಕಿರುಗುಟ್ಟುತ್ತದೆ. ತಾಯಿ ಬರುತ್ತಾಳೆ. ಕಣ್ಣು ಕೆಂಪು, ಕೂದಲಲ್ಲಿ ರಾತ್ರಿಯಿಡೀ ಹಾಕಿದ್ದ ಟೊಪ್ಪಿಗೆಯ ಗುರುತು. ಚಪ್ಪಲಿ ಬಿಡುವ ಮೊದಲೇ ಮಗುವನ್ನು ನೋಡಿ ನಿಂತುಬಿಡುತ್ತಾಳೆ. ಕುಂಕುಮ ಬಣ್ಣದ ಖಣ, ಹಸಿರು ಲಂಗ, ತಲೆಗೆ ಮಲ್ಲಿಗೆ. ಅವಳು ಏನೂ ಅನ್ನುವುದಿಲ್ಲ. ಅವಳ ಕೈ ತಾನಾಗಿ ತನ್ನ ಹೊಟ್ಟೆಯ ಮೇಲೆ ಹೋಗಿ ಕೂರುತ್ತದೆ.

"ಕೈ ಎತ್ತವ್ವಾ" ಎನ್ನುತ್ತೀರಿ. ನಿಮ್ಮ ದನಿ ನಿಮಗೇ ಬೇರೆಯಾಗಿ ಕೇಳುತ್ತದೆ.

ಮಗು ನಿಮ್ಮ ಮುಖ ನೋಡುತ್ತದೆ. ಆಯಿಯ ಮುಖ ನೋಡುತ್ತದೆ. ಒಂದು ಕೈ ಎತ್ತುತ್ತದೆ, ಅರ್ಧಕ್ಕೆ ನಿಲ್ಲಿಸುತ್ತದೆ, ಕಿವಿಗೊಟ್ಟು ಕೇಳುತ್ತದೆ. ಆಮೇಲೆ ಎರಡನ್ನೂ, ಬೆರಳ ತುದಿಯವರೆಗೆ, "ಮೋರಯಾ!"

ನೀವು ಕೇಳುತ್ತಿರುವುದು ಆ ಕೂಗನ್ನಲ್ಲ. ಅದರ ಹಿಂದೆ ಇನ್ನೇನಾದರೂ ಸದ್ದು ಬರುತ್ತದೆಯೇ ಎಂದು. ಬರುವುದಿಲ್ಲ. ಬಟ್ಟೆ ಮಗುವಿನ ಜೊತೆ ಮೇಲೆದ್ದು ಮಗುವಿನ ಜೊತೆಯೇ ಇಳಿಯುತ್ತದೆ.

ತಾಯಿ ಮಂಡಿಯೂರಿ ಕೂತು, ಬೆನ್ನಿನ ಎರಡು ಹುಕ್ಕು ತೆಗೆದು, ಬಾಡಿಯ ಒಳಗಡೆ ಕೈ ಹಾಕುತ್ತಾಳೆ. ಪಕ್ಕದ ಹೊಲಿಗೆಯ ಮೇಲೆ ಬೆರಳಾಡಿಸುತ್ತಾಳೆ. ಅಂಚು ಹೊರಳಿಸಿ ನೋಡುತ್ತಾಳೆ, ಮಾಸಿದ ನೀಲಿ ಹೂ ಕಾಣುತ್ತದೆ. ಗುರುತು ಹಿಡಿದಳೆಂದು ಅವಳು ತನ್ನ ಅವ್ವನ ಕಡೆ ತಿರುಗಿದ ರೀತಿಯಲ್ಲೇ ನಿಮಗೆ ಗೊತ್ತಾಗುತ್ತದೆ. ಮುದುಕಿ ಹೂ ಮುಡಿಸುವ ನೆವದಲ್ಲಿ ಮುಖ ತಗ್ಗಿಸುತ್ತಾಳೆ.

ತಾಯಿಯ ಬೆರಳು ಮತ್ತೆ ಮಾರ್ಜಿನ್ನಿಗೆ ಬರುತ್ತದೆ, ಅಗಲ ಅಳೆಯುತ್ತದೆ.

"ಅಕ್ಕಾ, ಎಷ್ಟು ಬಿಟ್ಟೀರಿ?"

"ಎರಡೂ ಕಡಿ ಒಂದೊಂದಿಂಚು. ಪಟ್ಟಿ ಬ್ಯಾರೆ ಬ್ಯಾರೆ ಹಚ್ಚೇನಿ. ಬರೂ ವರ್ಷ ಸಡಿಲ ಮಾಡೂವಾಗ ಈ ಪಟ್ಟಿ ಬಿಚ್ಚೂದು ಬ್ಯಾಡ."

ಅವಳು ತಲೆದೂಗಿ ಹುಕ್ಕು ಹಾಕುತ್ತಾಳೆ.